ಮುಳ್ಳು 765ಕ್ಕೆ ಇಟ್ಟು ನೋಡಿ: ಧಾರವಾಡ ಆಕಾಶವಾಣಿ ಬಗ್ಗೆ ಗದಗದ ಕೇಳುಗನ ಮಾತು

ಸೇವೆಯ ಹೆಸರು ಆಕಾಶವಾಣಿ ಧಾರವಾಡ. ಮೀಡಿಯಂ ವೇವ್, 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್. ನಾನು ಕೇಳುವುದು ಗದಗದಿಂದ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ, ನೆಟ್ ಬೇಕಿಲ್ಲ. ಎರಡು ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತದೆ.

ಬೆಟಗೇರಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಮಿಕ್ಸರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆ ಬರುತ್ತವೆ. ನಡುನಡುವೆ ರೇಡಿಯೋಗಳೂ ಬರುತ್ತವೆ. ತರುವವರು ಹೆಚ್ಚಾಗಿ ಹೊಲದವರು, ಇಲ್ಲವೇ ಮಗ್ಗದವರು. ಸೆಟ್ಟು ಕೈಗೆ ಕೊಡುವಾಗ ಒಂದು ಮಾತು ಕೇಳಿಯೇ ಕೇಳುತ್ತಾರೆ: "ಕಾಕಾ, ಧಾರವಾಡ ಸ್ಟೇಷನ್ ಇನ್ನೂ ಐತಿಲ್ರಿ? ಬಂದ್ ಗಿಂದ್ ಆಗೂದಿಲ್ಲ ಹೌದಿಲ್ರಿ?"

ಇದೆ, ಚೆನ್ನಾಗಿಯೇ ಇದೆ. ಎರಡನೇ ಪ್ರಶ್ನೆಗೆ ಮಾತ್ರ ಒಂದೇ ಮಾತಿನ ಉತ್ತರ ಇಲ್ಲ. ದುಡ್ಡು ಯಾರು ಕೊಡುತ್ತಾರೆ, ಕೊಟ್ಟವರು ಏನು ಹೇಳಿಸಬಹುದು, ಯಾವ ಮೂಲೆಯವರೆಗೆ ಧ್ವನಿ ಮುಟ್ಟುತ್ತದೆ ಎಂಬುದನ್ನೆಲ್ಲ ನೋಡಿದ ಮೇಲೆಯೇ ಅದಕ್ಕೆ ಉತ್ತರ. ಹಾಗಾಗಿ ಈ ವಿಮರ್ಶೆ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಸಿಗ್ನಲ್. ಧಾರವಾಡದಿಂದ ಗದಗ ಸುಮಾರು ಎಪ್ಪತ್ತೈದು ಕಿಲೋಮೀಟರ್. ಹಗಲಿನಲ್ಲಿ 765 ಇಲ್ಲಿ ಗಟ್ಟಿಯಾಗಿ, ತಿಳಿಯಾಗಿ ಬರುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ಹೋಗುವ ತರಂಗ. ನೆಲ ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಹಾಯಿಸುತ್ತದೋ ಅಷ್ಟು ದೂರ ಅದು ಹೋಗುತ್ತದೆ. ನವಲಗುಂದ, ನರಗುಂದ, ರೋಣ ಕಡೆಯ ಎರೆ ಮಣ್ಣು ಹಸಿ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಈ ತರಂಗಕ್ಕೆ ಒಳ್ಳೆಯ ದಾರಿ. ಕಲ್ಲು, ಗರಸು ನೆಲದಲ್ಲಿ ಇಷ್ಟು ಸಲೀಸಲ್ಲ. ನಮ್ಮ ಎರೆ ಹೊಲ ಜೋಳ, ಕಡಲೆ ಕೊಡುವುದರ ಜೊತೆಗೆ ರೇಡಿಯೋವನ್ನೂ ಹೊತ್ತು ತರುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಎಫ್‌ಎಂ ಹಾಗಲ್ಲ. ಹೆಚ್ಚುಕಡಿಮೆ ಕಣ್ಣು ಹಾಯುವ ದಾರಿಯಲ್ಲೇ ಅದು ಹೋಗಬೇಕು. ನಡುವೆ ಗುಡ್ಡ ಬಂದರೆ ಅದರ ಹಿಂದೆ ಧ್ವನಿ ಸೊರಗುತ್ತದೆ. ಕಪ್ಪತಗುಡ್ಡದ ಮಗ್ಗುಲಲ್ಲಿರುವ ಮುಂಡರಗಿ, ಶಿರಹಟ್ಟಿ ಕಡೆಯ ಊರುಗಳಿಂದ "ಎಫ್‌ಎಂ ನಿಂದ್ರಂಗಿಲ್ರಿ" ಅಂತ ಸೆಟ್ಟು ತರುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗೆ ಏನೂ ಕೆಟ್ಟಿರುವುದಿಲ್ಲ. ಬ್ಯಾಂಡ್ ಬದಲಿಸಿ, ಮುಳ್ಳು 765ಕ್ಕೆ ಇಟ್ಟು ವಾಪಸ್ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಲೆಕ್ಕ ನೋಡಬೇಕು. ಆಕಾಶವಾಣಿ ದೇಶದ ಶೇ 92ರಷ್ಟು ನೆಲಕ್ಕೆ, ಶೇ 99ಕ್ಕೂ ಜಾಸ್ತಿ ಜನಕ್ಕೆ ಮುಟ್ಟುತ್ತದೆ ಎಂದು ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ಹೇಳುತ್ತದೆ. ಆ ಹೆಗ್ಗಳಿಕೆ ನಿಂತಿರುವುದು ಮೀಡಿಯಂ ವೇವ್ ಬಲದ ಮೇಲೆ. ಎಫ್‌ಎಂ ಒಂದನ್ನೇ ತೆಗೆದುಕೊಂಡರೆ 2023ರ ಆರಂಭದಲ್ಲಿ ಅದು ಮುಟ್ಟುತ್ತಿದ್ದದ್ದು ಶೇ 59ರಷ್ಟು ನೆಲಕ್ಕೆ, ಶೇ 68ರಷ್ಟು ಜನಕ್ಕೆ. ಆ ಜನವರಿಯಲ್ಲಿ ಕೇಂದ್ರ ಸರ್ಕಾರ ಆಕಾಶವಾಣಿ ಮತ್ತು ದೂರದರ್ಶನದ ಯಂತ್ರ, ಕಟ್ಟಡ, ಟ್ರಾನ್ಸ್‌ಮಿಟರ್‌ಗಳಿಗಾಗಿ 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಫ್‌ಎಂ ಅನ್ನು ಶೇ 80ರಷ್ಟು ಜನಕ್ಕೆ ಮುಟ್ಟಿಸುವುದು ಅದರ ಒಂದು ಗುರಿ. ಒಳ್ಳೆಯದೇ, ಬೇಡ ಅನ್ನುವವನು ನಾನಲ್ಲ. ಆದರೆ ಆ ಗುರಿ ಪೂರ್ತಿ ಮುಟ್ಟಿದರೂ ನೂರಕ್ಕೆ ಇಪ್ಪತ್ತು ಜನ ಹೊರಗೇ ಉಳಿಯುತ್ತಾರೆ. ಗುಡ್ಡದ ಹಿಂದಿನವರು, ಪಟ್ಟಣದಿಂದ ದೂರದ ಹಳ್ಳಿಯವರು ಅವರಲ್ಲಿ ಇರುತ್ತಾರೆ. ಅವರಿಗೆ ದೊಡ್ಡ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಬಿಟ್ಟರೆ ಬೇರೆ ದಾರಿ ಇಲ್ಲ. ಹಳೆಯದು, ಕರೆಂಟು ಜಾಸ್ತಿ ತಿನ್ನುತ್ತದೆ ಎಂದು ಮೀಡಿಯಂ ವೇವ್ ಅನ್ನು ಮೂಲೆಗೆ ತಳ್ಳುವ ಮಾತು ಬಂದಾಗಲೆಲ್ಲ ನನಗೆ ಈ ಇಪ್ಪತ್ತು ಜನರ ಲೆಕ್ಕ ನೆನಪಾಗುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಳು. ಕೊಣ್ಣೂರು, ಹೊಳೆಆಲೂರು ಕಡೆ ನೀರು ಮನೆಯೊಳಗೆ ನುಗ್ಗಿತು. ಕರೆಂಟು ಹೋಯಿತು, ಕರೆಂಟು ಹೋದ ಮೇಲೆ ಮೊಬೈಲ್ ಚಾರ್ಜೂ ಹೋಯಿತು. ಆ ದಿನಗಳಲ್ಲಿ ನನ್ನ ಅಂಗಡಿಯಲ್ಲಿದ್ದ ಸೆಲ್ ರೇಡಿಯೋಗಳೆಲ್ಲ ಆ ಕಡೆಯ ನೆಂಟರಿಗೆ, ಪರಿಚಯದವರಿಗೆ ಹೋದವು. ನವಿಲುತೀರ್ಥ ಡ್ಯಾಮಿನಿಂದ ನೀರು ಎಷ್ಟು ಬಿಡುತ್ತಿದ್ದಾರೆ ಎಂಬುದು ಅಲ್ಲಿನವರಿಗೆ ಬೇಕಾಗಿದ್ದ ಒಂದೇ ಸುದ್ದಿ. ಸೆಲ್ ಮೇಲೆ ನಡೆಯುವ ಪೆಟ್ಟಿಗೆಯ ಬೆಲೆ ಅಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಇನ್ನು ಕಿರಿಕಿರಿ. ಅದು ಸ್ಟೇಷನ್ನಿನಿಂದ ಬರುವುದಕ್ಕಿಂತ ನಮ್ಮ ಮನೆಯಿಂದಲೇ ಬರುವುದು ಜಾಸ್ತಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಇನ್ವರ್ಟರ್ ಇವೆಲ್ಲ ಮೀಡಿಯಂ ವೇವ್ ಮೇಲೆ ಗುಂಯ್ ಎನ್ನುವ ಗದ್ದಲ ಎಬ್ಬಿಸುತ್ತವೆ. ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಧಾರವಾಡ ಇಷ್ಟು ಹತ್ತಿರವಿದ್ದರೂ ಗರಗರ ಎನ್ನುವುದು ಇದಕ್ಕೇ. ಚಾರ್ಜರ್ ಕಿತ್ತಿಡಿ. ಸೆಟ್ಟನ್ನು ಕಿಟಕಿ ಹತ್ತಿರ ಇಟ್ಟು ನಿಧಾನಕ್ಕೆ ತಿರುಗಿಸಿ. ಒಳಗೆ ಒಂದು ಫೆರೈಟ್ ಕಡ್ಡಿ ಇರುತ್ತದೆ, ಅದೇ ಆಂಟೆನಾ. ಆ ಕಡ್ಡಿಯ ಮಗ್ಗುಲು ಧಾರವಾಡದ ಕಡೆ ಇದ್ದರೆ ಧ್ವನಿ ಏರುತ್ತದೆ, ತುದಿ ಆ ಕಡೆ ಇದ್ದರೆ ಇಳಿಯುತ್ತದೆ. ರಾತ್ರಿ ಬೇರೆ ಕಥೆ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶಕ್ಕೆ ಬಡಿದು ವಾಪಸ್ ಬರುತ್ತದೆ, ದೂರದ ಊರುಗಳ ಸ್ಟೇಷನ್ನುಗಳು ಒಂದರ ಮೇಲೊಂದು ಬೀಳುತ್ತವೆ. ನನ್ನಂಥವರಿಗೆ ಅದೇ ಹಬ್ಬ. ನ್ಯೂಸ್ ಆನ್ ಏರ್ ಆ್ಯಪ್‌ನಲ್ಲೂ ಧಾರವಾಡ ಸಿಗುತ್ತದೆ, ಬೆಂಗಳೂರು, ಪುಣೆಯಲ್ಲಿರುವ ನಮ್ಮ ಹುಡುಗರಿಗೆ ಅದು ಸರಿ. ಹೊಲದಲ್ಲಿರುವವರಿಗೆ ಸೆಟ್ಟೇ ಸರಿ.

ಈಗ ಒಳಗಿನ ಮಾಲು. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಒಂದಾಗಲು ಇನ್ನೂ ಆರು ವರ್ಷ ಬೇಕಿತ್ತು. ಮರಾಠಿ, ಇಂಗ್ಲಿಷಿನ ಪ್ರಭಾವ ಜಾಸ್ತಿ ಇದ್ದ ಸೀಮೆಯಲ್ಲಿ ಕನ್ನಡ ಗಾಳಿಯ ಮೇಲೆ ಬಂತು. ನಮ್ಮ ಮನೆಯ ಹಿರಿಯರು ಈ ಸ್ಟೇಷನ್ನನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಬೇಂದ್ರೆಯವರು 1956ರಿಂದ ಇಲ್ಲಿ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಸಾಹಿತಿ ಎನ್ಕೆ ಕುಲಕರ್ಣಿಯವರು ಇಲ್ಲಿ ಕೆಲಸ ಮಾಡಿದರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಎಷ್ಟೋ ಜನ, ಕಣ್ಣು ಕಾಣದವರೂ ಸೇರಿ, ಆಡಿಷನ್ ಕೊಟ್ಟು ಗ್ರೇಡ್ ಪಡೆದು ಆಕಾಶವಾಣಿ ಕಲಾವಿದರಾದರು. ಒಬ್ಬ ಹಳ್ಳಿಯ ಹುಡುಗನಿಗೆ ಬಿ ಗ್ರೇಡ್ ಸಿಕ್ಕಿತು ಅಂದರೆ ಸಂಭಾವನೆಯ ಜೊತೆಗೆ ಊರಲ್ಲಿ ಮಾನವೂ ಸಿಕ್ಕಂತೆ. ಮಾರುಕಟ್ಟೆ ನೋಡಿ ನಡೆಯುವ ಯಾವ ಚಾನೆಲ್ಲೂ ಈ ಕೆಲಸ ಮಾಡಿಲ್ಲ.

ಈಗಲೂ ಬೆಳಗಿನ ಹೊತ್ತು ನನಗೆ ಇಷ್ಟ. ಭಕ್ತಿಗೀತೆ, ಚಿಂತನ, 6.55ಕ್ಕೆ ದಿಲ್ಲಿಯಿಂದ ಸಂಸ್ಕೃತ ವಾರ್ತೆ, ಆಮೇಲೆ ಪ್ರದೇಶ ಸಮಾಚಾರ. ಸಂಜೆ ರೈತರ ಕಾರ್ಯಕ್ರಮ. ಕೃಷಿ ವಿಶ್ವವಿದ್ಯಾಲಯದವರು ಬಂದು ಕಡಲೆಗೆ ಸಿಡಿ ರೋಗ ಬಂದರೆ ಏನು ಮಾಡಬೇಕು, ಗೋವಿನಜೋಳಕ್ಕೆ ಹುಳ ಬಿದ್ದರೆ ಯಾವ ಔಷಧಿ ಎಷ್ಟು ಎಂದು ಹೇಳುತ್ತಾರೆ. ಮಾರುವವರು ಹೇಳುವ ಮಾತಿಗೂ ಇದಕ್ಕೂ ಬಹಳ ವ್ಯತ್ಯಾಸ. ಇಲ್ಲಿ ಯಾರೂ ನಿಮಗೆ ಡಬ್ಬಿ ಮಾರಲು ಬಂದಿರುವುದಿಲ್ಲ.

ನನಗೆ ಜಾಸ್ತಿ ಬೇಕು ಅನಿಸುವುದು ನಮ್ಮ ನಮ್ಮ ಊರಿನ ಧ್ವನಿ. ಗದಗ, ಹಾವೇರಿ ಎರಡೂ ಜಿಲ್ಲೆಯಾದದ್ದು 1997ರಲ್ಲಿ. ಎರಡಕ್ಕೂ ತಮ್ಮದೇ ಆಕಾಶವಾಣಿ ಸ್ಟುಡಿಯೋ ಇಲ್ಲ, ಧಾರವಾಡವೇ ಗತಿ. ದೇಶದಲ್ಲೆಲ್ಲ ಸ್ಥಳೀಯ ಗಂಟೆಗಳನ್ನು ಕಡಿಮೆ ಮಾಡಿ, ರಾಜಧಾನಿಯ ಕಾರ್ಯಕ್ರಮವನ್ನೇ ಎಲ್ಲ ಕೇಂದ್ರದಿಂದ ಹಾಯಿಸುವ ಒತ್ತಡ ಇದೆ. ಅದಕ್ಕೆ ಕೊಡುವ ಕಾರಣ ಖರ್ಚು. 2018ರ ಕೊನೆಯಲ್ಲಿ ಆಕಾಶವಾಣಿಯ ನ್ಯಾಷನಲ್ ಚಾನೆಲ್ ಮುಚ್ಚುವ ತೀರ್ಮಾನ ಆದಾಗಲೂ, ಹೈದರಾಬಾದ್, ತಿರುವನಂತಪುರ ಸೇರಿ ಐದು ಊರುಗಳ ತರಬೇತಿ ಕೇಂದ್ರ ಮುಚ್ಚುವ ತೀರ್ಮಾನ ಆದಾಗಲೂ ಕೊಟ್ಟ ಕಾರಣ ಅದೇ. ಬ್ಯಾಡಗಿ ಪೇಟೆಗೆ ಇವತ್ತು ಎಷ್ಟು ಚೀಲ ಮೆಣಸಿನಕಾಯಿ ಬಂತು, ಗದಗ ಎಪಿಎಂಸಿಯಲ್ಲಿ ಹೆಸರು, ಉಳ್ಳಾಗಡ್ಡಿ ಎಷ್ಟಕ್ಕೆ ಹೋಯಿತು ಎಂಬುದನ್ನು ಬೆಂಗಳೂರಿನಲ್ಲಿ ಕೂತವರು ಓದಬಹುದು. ಆದರೆ ಆ ದರ ಯಾಕೆ ಬಿತ್ತು ಎಂದು ಪೇಟೆಯಲ್ಲಿ ನಿಂತ ರೈತನ ಬಾಯಿಗೆ ಮೈಕ್ ಹಿಡಿಯಲು ಇಲ್ಲಿಯವರೇ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ರೇಡಿಯೋ 90.4ರಲ್ಲಿ ಈ ಕೆಲಸ ಪ್ರೀತಿಯಿಂದ ಮಾಡುತ್ತದೆ. ಆದರೆ ಸಮುದಾಯ ರೇಡಿಯೋಕ್ಕೆ ಕೊಡುವ ಶಕ್ತಿ ಕಡಿಮೆ, ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ದಾಟುವುದಿಲ್ಲ. ಇಷ್ಟು ದೂರ ಅದು ಬರುವ ಹಾಗಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪನ ಪೆಟ್ಟಿಗೆಯಲ್ಲಿ ಇನ್ನೂ ರೇಡಿಯೋ ಲೈಸೆನ್ಸ್ ಪುಸ್ತಕ ಇದೆ. ವರ್ಷಕ್ಕೆ 15 ರೂಪಾಯಿ. ಪೋಸ್ಟ್ ಆಫೀಸಿಗೆ ಹೋಗಿ ಕಟ್ಟಬೇಕು, ಅವರು ಸ್ಟಾಂಪ್ ಹಚ್ಚಿ ಮುದ್ರೆ ಒತ್ತಿ ಕೊಡುತ್ತಿದ್ದರು. ಇಲ್ಲದಿದ್ದರೆ ದಂಡ. 1980ರ ದಶಕದ ನಡುವಿನ ಹೊತ್ತಿಗೆ ಸರ್ಕಾರ ಲೈಸೆನ್ಸ್ ಪೂರ್ತಿ ತೆಗೆದುಹಾಕಿತು. ಜನರಿಗೆ ಖುಷಿಯಾಯಿತು, ಆಗದೇ ಇರುತ್ತದೆಯೇ? ಆದರೆ ಆವತ್ತಿನಿಂದ ಕೇಳುಗನಿಗೂ ಸ್ಟೇಷನ್ನಿಗೂ ನಡುವೆ ಇದ್ದ ಒಂದು ನೇರ ಕೊಂಡಿ ಕಳಚಿತು. "ನಾನು ದುಡ್ಡು ಕಟ್ಟಿದ್ದೇನೆ, ಲೆಕ್ಕ ಕೊಡಿ" ಎನ್ನುವ ಹಕ್ಕು ಯಾರಿಗೂ ನೆನಪಿಲ್ಲದಂತಾಯಿತು.

ನಿಜವಾಗಿ ನಾವು ಈಗಲೂ ಕಟ್ಟುತ್ತಿದ್ದೇವೆ. ತೆರಿಗೆಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಪ್ರಸಾರ ಭಾರತಿಗೆ ಎರಡೂವರೆ ಸಾವಿರ ಕೋಟಿ ರೂಪಾಯಿಯ ಆಚೆ ಈಚೆ ಇಡುತ್ತಾರೆ. ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ದೇಶದಲ್ಲಿ 140 ಕೋಟಿ ಜನ. ಭಾಗಿಸಿ ನೋಡಿ, ತಲೆಗೆ ವರ್ಷಕ್ಕೆ ಸುಮಾರು 18 ರೂಪಾಯಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಪ್ಲೇಟು ಗಿರಮಿಟ್ಟಿಗೂ ಸಾಲದ ದುಡ್ಡು. ಅಷ್ಟರಲ್ಲಿ ಆಕಾಶವಾಣಿ 23 ಭಾಷೆ, 179 ಉಪಭಾಷೆಗಳಲ್ಲಿ ಮಾತಾಡುತ್ತದೆ, ದೂರದರ್ಶನವೂ ನಡೆಯುತ್ತದೆ. ಬರೀ ಬೆಲೆ ನೋಡಿ ಅಂಕ ಕೊಡುವುದಾದರೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ.

ಉಳಿದ ದುಡ್ಡು ಬರುವುದು ಜಾಹೀರಾತು ಮತ್ತು ಡಿಡಿ ಫ್ರೀ ಡಿಶ್ ಎಂಬ ಪುಕ್ಕಟೆ ಟಿವಿ ಸೇವೆಯಿಂದ. ಜಾಹೀರಾತು ಬಂದ ಕಥೆಯೂ ತಿಳಿದುಕೊಳ್ಳುವಂಥದ್ದು. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿತ್ತು. ಕೇಳುಗರು ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಜಾಹೀರಾತಿನ ದುಡ್ಡೂ ಅವರ ಹಿಂದೆಯೇ ಕೊಲಂಬೊಗೆ ಹೋಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿ ಅವರನ್ನು ವಾಪಸ್ ಕರೆಯಬೇಕಾಯಿತು, 1967ರಲ್ಲಿ ಅದರಲ್ಲಿ ಜಾಹೀರಾತೂ ಬಂತು. ಫ್ರೀ ಡಿಶ್ ಈಚಿನದು. ಒಮ್ಮೆ ಡಿಶ್ ಬುಟ್ಟಿ, ಪೆಟ್ಟಿಗೆ ಕೊಂಡರೆ ಆಮೇಲೆ ಬಾಡಿಗೆ ಇಲ್ಲ. ನಮ್ಮ ಹಳ್ಳಿಗಳ ಮಾಳಿಗೆಯ ಮೇಲೆ ಆ ಬುಟ್ಟಿ ಬಹಳ ಕಾಣುತ್ತವೆ. ಖಾಸಗಿ ಚಾನೆಲ್ಲುಗಳು ಅದರೊಳಗೆ ಜಾಗ ಪಡೆಯಲು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗುತ್ತವೆ, ಆ ದುಡ್ಡು ಪ್ರಸಾರ ಭಾರತಿಗೆ ಬರುತ್ತದೆ. ಜನರ ಮಾಳಿಗೆಯಿಂದ ಹುಟ್ಟಿದ ಈ ದುಡ್ಡಿನಲ್ಲಿ ಒಂದು ಪಾಲು ಜಿಲ್ಲೆಗಳ ರೇಡಿಯೋಕ್ಕೆ ಎಂದು ಕಾಯಂ ಮಾಡಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸ್ವಾತಂತ್ರ್ಯದ ಮಾತು. ಇಲ್ಲಿ ನಾನು ಜಾಸ್ತಿ ಅಂಕ ಕೊಡಲಾರೆ, ಅದಕ್ಕೆ ಕಾರಣ ಧಾರವಾಡದಲ್ಲಿ ಕೆಲಸ ಮಾಡುವವರಲ್ಲ, ಕಾನೂನು. 1975ರ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಪೂರ್ತಿ ಸರ್ಕಾರದ ಬಾಯಿಯಾಯಿತು. ನಮ್ಮ ಅಪ್ಪ ಆಗ ರಾತ್ರಿ ಬಿಬಿಸಿ ಹಚ್ಚಿ, ಧ್ವನಿ ಸಣ್ಣ ಮಾಡಿ ಕೇಳುತ್ತಿದ್ದರು. 1977ರಲ್ಲಿ ಸರ್ಕಾರ ಬದಲಾಯಿತು. ಬಿ.ಜಿ. ವರ್ಗೀಸ್ ಅವರ ಸಮಿತಿ ಮರುವರ್ಷ ವರದಿ ಕೊಟ್ಟು, ರೇಡಿಯೋ ಮತ್ತು ಟಿವಿಯನ್ನು ಸರ್ಕಾರದ ಕೈಯಿಂದ ಬಿಡಿಸಿ ಒಂದು ಟ್ರಸ್ಟಿಗೆ ಕೊಡಿ ಎಂದಿತು. ಅದು ಹಾಗೇ ಉಳಿಯಿತು. ಪ್ರಸಾರ ಭಾರತಿ ಕಾನೂನು ಪಾಸಾದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ಗಾಳಿಯ ತರಂಗ ಜನರ ಆಸ್ತಿ, ಸರ್ಕಾರದ್ದಲ್ಲ.

ಆ ಕಾನೂನಿನಲ್ಲಿ ಒಳ್ಳೆಯ ಅಂಶಗಳಿವೆ. ಸಂಸತ್ತಿನ 22 ಸದಸ್ಯರ ಒಂದು ಸಮಿತಿ ಪ್ರಸಾರ ಭಾರತಿಯ ಕೆಲಸ ನೋಡಿಕೊಳ್ಳಬೇಕು ಎಂದಿದೆ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಕೇಳುಗರ ದೂರು ನೋಡಲು ಪ್ರಸಾರ ಮಂಡಳಿ ಇರಬೇಕು ಎಂದಿದೆ. ಎರಡೂ ಕಾಗದದಲ್ಲೇ ಉಳಿದಿವೆ. ದುಡ್ಡು ಮಾತ್ರ ವರ್ಷ ವರ್ಷ ಮಂತ್ರಾಲಯದ ಮೂಲಕವೇ ಬರಬೇಕು, ನೌಕರರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರೇ. ಹೀಗಿದ್ದಾಗ ಸುದ್ದಿ ಓದುವವರು ಎಷ್ಟು ಒಳ್ಳೆಯವರಾದರೂ ನೇರವಾಗಿ ಸರ್ಕಾರವನ್ನು ಪ್ರಶ್ನೆ ಮಾಡುವುದು ಹೇಗೆ?

ಇದು ರೇಡಿಯೋದಲ್ಲಿ ಬೇರೆಲ್ಲಕ್ಕಿಂತ ದೊಡ್ಡ ವಿಷಯ. ಯಾಕೆಂದರೆ ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂಗಳಿಗೆ ತಮ್ಮದೇ ಸುದ್ದಿ ಓದಲು ಅನುಮತಿ ಇಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಬದಲಾವಣೆ ಇಲ್ಲದೆ ಹಾಕಬೇಕು. ಪೇಪರ್ ಬೇಕಾದಷ್ಟಿವೆ, ಟಿವಿ ಚಾನೆಲ್ ಬೇಕಾದಷ್ಟಿವೆ. ರೇಡಿಯೋದಲ್ಲಿ ಸುದ್ದಿಯ ಬಾವಿ ಒಂದೇ. ಆ ಒಂದರ ನೀರು ಎಲ್ಲರದ್ದೂ ಆಗಿರಬೇಕು ಅಲ್ವಾ?

ಒಂದು ಒಳ್ಳೆಯ ಪದ್ಧತಿ ಹೇಳಲೇಬೇಕು. ಚುನಾವಣೆ ಹೊತ್ತಿನಲ್ಲಿ ಮಾನ್ಯತೆ ಇರುವ ಪಕ್ಷಗಳಿಗೆಲ್ಲ ಆಕಾಶವಾಣಿ ಪುಕ್ಕಟೆ ಸಮಯ ಕೊಡುತ್ತದೆ. 1977ರಿಂದ ಇದು ನಡೆದುಬಂದಿದೆ. ಯಾರಿಗೆ ಎಷ್ಟು ಎಂಬುದನ್ನು ಚುನಾವಣಾ ಆಯೋಗ ನೋಡುತ್ತದೆ, ಯಾರು ಯಾವ ದಿನ ಎಂಬುದು ಚೀಟಿ ಎತ್ತಿ ತೀರ್ಮಾನ. ದೊಡ್ಡ ಪಕ್ಷ, ಸಣ್ಣ ಪಕ್ಷ ಎಲ್ಲರ ಮಾತೂ ಒಂದೇ ಮೈಕಿನಿಂದ ಬರುತ್ತದೆ. ನಾನು ಅವನ್ನು ತಪ್ಪದೆ ಕೇಳುತ್ತೇನೆ. ನಿಯಮ ಸರಿ ಇದ್ದರೆ ಇದೇ ಜನ, ಇದೇ ಸ್ಟುಡಿಯೋದಿಂದ ಎಷ್ಟು ನ್ಯಾಯವಾಗಿ ನಡೆಸಬಹುದು ಎಂಬುದಕ್ಕೆ ಅದು ಸಾಕ್ಷಿ.

ನನಗೆ ಮೊದಲಿನಿಂದಲೂ ಶಾರ್ಟ್‌ವೇವ್ ಕೇಳುವ ಹವ್ಯಾಸ. ದೂರದ ಸ್ಟೇಷನ್ ಹಿಡಿದು, ಎಷ್ಟು ಸ್ಪಷ್ಟ ಬಂತು ಎಂದು ಬರೆದು ಕಳಿಸಿದರೆ ಅವರು ಕೇಳಿದ್ದಕ್ಕೆ ಗುರುತಾಗಿ ಕ್ಯೂಎಸ್‌ಎಲ್ ಕಾರ್ಡು ಕಳಿಸುತ್ತಾರೆ. ಕಾರ್ಡು ಬಂದ ದೇಶದ ರೇಡಿಯೋ ಹೇಗೆ ನಡೆಯುತ್ತದೆ ಎಂದು ಓದುವುದು ರೂಢಿಯಾಯಿತು. ನಮ್ಮಂಥ ದೇಶಗಳಲ್ಲಿ ಈ ತೊಡಕು ನಾನಾ ಥರ ಇದೆ.

ದಕ್ಷಿಣ ಆಫ್ರಿಕಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಸ್‌ಎಬಿಸಿ ನೋಡಿ. ಅಲ್ಲಿನ ಆಡಳಿತ ಭಾಷೆಗಳಿಗೆಲ್ಲ ಅದರಲ್ಲಿ ಜಾಗ ಇದೆ. ಜುಲು ಭಾಷೆಯ ಉಖೋಜಿ ಎಫ್‌ಎಂ ಒಂದಕ್ಕೇ 70 ಲಕ್ಷಕ್ಕೂ ಜಾಸ್ತಿ ಕೇಳುಗರು. ಆದರೆ ಸರ್ಕಾರ ಕೊಡುವುದು ಅತಿ ಕಡಿಮೆ, ನಡೆಯುವುದು ಜಾಹೀರಾತಿನ ಮೇಲೆ. ವರ್ಷಕ್ಕೆ 265 ರ‍್ಯಾಂಡ್ ಟಿವಿ ಲೈಸೆನ್ಸ್ ಇದೆ, ಹೆಚ್ಚಿನವರು ಕಟ್ಟುವುದೇ ಇಲ್ಲ. ಸಾಲ ಏರಿ 2019ರಲ್ಲಿ ಸರ್ಕಾರವೇ ದುಡ್ಡು ಹಾಕಿ ಎತ್ತಬೇಕಾಯಿತು. ಶಾರ್ಟ್‌ವೇವ್‌ನಲ್ಲಿ ನಮಗೆ ಸಿಗುತ್ತಿದ್ದ ಚಾನೆಲ್ ಆಫ್ರಿಕಾ ಅದೇ ವರ್ಷ ಶಾರ್ಟ್‌ವೇವ್ ಬಿಟ್ಟಿತು. ಅದಕ್ಕೂ ಮುಂಚೆ, 2016ರಲ್ಲಿ, ಪ್ರತಿಭಟನೆಯ ಹಿಂಸೆಯ ದೃಶ್ಯ ತೋರಿಸಬಾರದು ಎಂದು ಮೇಲಿನವರು ಹುಕುಂ ಹೊರಡಿಸಿದರು. ತಕರಾರು ಎತ್ತಿದ ಎಂಟು ಪತ್ರಕರ್ತರನ್ನು ಕೆಲಸದಿಂದ ತೆಗೆದರು. ಅವರು ಕೋರ್ಟಿಗೆ ಹೋಗಿ ಕೆಲಸಕ್ಕೆ ವಾಪಸ್ ಬರಬೇಕಾಯಿತು.

ಘಾನಾದಲ್ಲಿ 1992ರ ಸಂವಿಧಾನವೇ ಸರ್ಕಾರಿ ಮಾಧ್ಯಮವನ್ನು ಸರ್ಕಾರದ ಹಿಡಿತದಿಂದ ಕಾಯಲು ಒಂದು ಮಾಧ್ಯಮ ಆಯೋಗ ಮಾಡಿತು. ನಿಯಮ ಚೆಂದ ಇದೆ, ಆದರೆ ಟಿವಿ ಲೈಸೆನ್ಸ್ ಶುಲ್ಕ ವರ್ಷಾನುಗಟ್ಟಲೆ ಏರಿಸದೆ ಅದರ ಬೆಲೆಯೇ ಕರಗಿಹೋಯಿತು. ಬ್ರೆಜಿಲ್‌ನಲ್ಲಿ 2007ರಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಕಟ್ಟಿದರು, ಜನರ ಪರವಾಗಿ ಅದನ್ನು ನೋಡಿಕೊಳ್ಳಲು ಒಂದು ಮಂಡಳಿ ಇಟ್ಟರು. 2016ರಲ್ಲಿ ಹೊಸ ಸರ್ಕಾರ ಬಂತು, ಆ ಮಂಡಳಿಯನ್ನೇ ತೆಗೆದುಹಾಕಿತು.

ನನಗೆ ಬಹಳ ಹಿಡಿಸಿದ್ದು ಥಾಯ್ಲೆಂಡ್. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಥಾಯ್ ಪಿಬಿಎಸ್ 2008ರಲ್ಲಿ ಶುರುವಾಯಿತು. ಹೆಂಡ, ಸಿಗರೇಟಿನ ಮೇಲಿನ ತೆರಿಗೆಯಲ್ಲಿ ಶೇ 1.5 ನೇರವಾಗಿ ಅದಕ್ಕೆ ಹೋಗುತ್ತದೆ, ವರ್ಷಕ್ಕೆ 200 ಕೋಟಿ ಬಾತ್ ದಾಟಬಾರದು ಎಂಬ ಮಿತಿಯೊಂದಿಗೆ. ಜಾಹೀರಾತು ಮಾರುವ ಹಾಗಿಲ್ಲ. ಮಂತ್ರಿಯ ಬಾಗಿಲಿಗೆ ಪ್ರತಿ ವರ್ಷ ಹೋಗಿ ನಿಲ್ಲಬೇಕಿಲ್ಲ. ಆ ದೇಶದಲ್ಲಿ ಅದಾದ ಮೇಲೆ ಸೈನ್ಯದ ಆಡಳಿತವೂ ಬಂತು, ಒತ್ತಡವೂ ಬಂತು. ಆದರೂ ದುಡ್ಡಿನ ದಾರಿ ಕಾನೂನಿನಲ್ಲೇ ಬರೆದಿದ್ದರಿಂದ ಸಂಸ್ಥೆ ನಿಂತಿದೆ.

ನಮ್ಮಲ್ಲೂ ಇದಕ್ಕೆ ಮಾದರಿ ಇದೆ. ರಾಜ್ಯಗಳಿಗೆ ತೆರಿಗೆಯ ಪಾಲು ಎಷ್ಟು ಎಂದು ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಹೇಳುತ್ತದೆ. ಪ್ರಸಾರ ಭಾರತಿಗೂ ಹಾಗೆ ಐದು ವರ್ಷದ ದುಡ್ಡನ್ನು ಒಮ್ಮೆಲೇ ನಿಗದಿ ಮಾಡಿ, ಅದರೊಳಗೆ ಮೀಡಿಯಂ ವೇವ್‌ಗೆ ಇಷ್ಟು, ಸ್ಥಳೀಯ ಕಾರ್ಯಕ್ರಮಕ್ಕೆ ಇಷ್ಟು ಎಂದು ಬರೆದಿಡಬಹುದು. ಹೊಸ ಕಾನೂನೂ ಬೇಡ, 22 ಸದಸ್ಯರ ಸಮಿತಿಯನ್ನು ರಚಿಸಿದರೆ ಅಲ್ಲಿಂದಲೇ ಶುರು ಮಾಡಬಹುದು.

ಕೊಳ್ಳುವವರಿಗೆ ಎರಡು ಮಾತು. ಪೆಟ್ಟಿಗೆಯ ಮೇಲೆ ಎಂಡಬ್ಲ್ಯೂ (ಮೀಡಿಯಂ ವೇವ್) ಅಥವಾ ಎಎಂ ಎಂದು ಬರೆದಿರಬೇಕು. ಬ್ಲೂಟೂತ್, ಪೆನ್‌ಡ್ರೈವ್, ಬಣ್ಣದ ಲೈಟು ಇರುವ ಎಷ್ಟೋ ಹೊಸ ಸೆಟ್ಟುಗಳಲ್ಲಿ ಬರೀ ಎಫ್‌ಎಂ ಇರುತ್ತದೆ, ಧಾರವಾಡದ 765 ಅವುಗಳಲ್ಲಿ ಬರುವುದಿಲ್ಲ. ಒಳಗಿನ ಫೆರೈಟ್ ಕಡ್ಡಿ ಉದ್ದ ಇದ್ದಷ್ಟೂ ಒಳ್ಳೆಯದು, ಹಾಗಾಗಿ ಅಂಗೈಯಷ್ಟು ಸಣ್ಣ ಸೆಟ್ಟಿಗಿಂತ ಸ್ವಲ್ಪ ದೊಡ್ಡದು ತಗೊಳ್ಳಿ. ಸೆಲ್ ಮೇಲೂ ನಡೆಯುವಂಥದ್ದೇ ಇರಲಿ. ಮನೆಯಲ್ಲಿ ಹಳೆಯ ಸೆಟ್ಟು ಇದ್ದರೆ ಎಸೆಯಬೇಡಿ. ಎಷ್ಟೋ ಸಲ ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರ್ ಒರೆಸಿ, ವಾಲ್ಯೂಮ್ ಕಂಟ್ರೋಲ್ ಸ್ವಚ್ಛ ಮಾಡಿದರೆ ಸಾಕು, ಜೀವ ಬರುತ್ತದೆ.

ಕೇಳಲು ಶುರು ಮಾಡಿದ ಮೇಲೆ ಧಾರವಾಡ ಕೇಂದ್ರಕ್ಕೆ ಒಂದು ಪತ್ರ ಬರೆಯಿರಿ. "ಕಾರ್ಯಕ್ರಮ ಚೆನ್ನಾಗಿತ್ತು" ಎಂದಷ್ಟೇ ಸುಮ್ನೆ ಬರೆಯಬೇಡಿ. ಯಾವ ಊರು, ಯಾವ ದಿನ, ಎಷ್ಟು ಗಂಟೆ, ಯಾವ ಕಾರ್ಯಕ್ರಮ, ಧ್ವನಿ ಹೇಗಿತ್ತು, ಗದ್ದಲ ಎಷ್ಟಿತ್ತು ಎಂದು ಬರೆಯಿರಿ. ನಿಮ್ಮ ತಾಲೂಕಿನ ಯಾವ ವಿಷಯ ರೇಡಿಯೋದಲ್ಲಿ ಬರುತ್ತಿಲ್ಲ ಎಂಬುದನ್ನೂ ಸೇರಿಸಿ. ಸ್ಥಳೀಯ ಗಂಟೆ ಕಡಿಮೆ ಮಾಡುವ ಮಾತು ಮೇಲಿನಿಂದ ಬಂದಾಗ, ಅಲ್ಲಿ ಕೂತಿರುವ ಕಾರ್ಯಕ್ರಮ ಅಧಿಕಾರಿಗಳಿಗೆ ತೋರಿಸಲು ಹಿರೇಕೆರೂರು, ಗಜೇಂದ್ರಗಡ, ಲಕ್ಷ್ಮೇಶ್ವರದಿಂದ ಬಂದ ಪತ್ರಗಳ ಒಂದು ಕಟ್ಟು ಕೈಯಲ್ಲಿರಬೇಕು.